ಟೊಮೆಟೊ ಮಂಡಿಯಲ್ಲಿ ಬೀಮ್‌ಫಾರ್ಮಿಂಗ್: ನನ್ನ ಅನುಭವ

ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ವೈಫೈ ಹಾಕಿಕೊಟ್ಟೆ. ಶೆಡ್ ಖಾಲಿ ಇದ್ದಾಗ ಮೂಲೆಮೂಲೆಗೂ ಸಿಗ್ನಲ್ ಸಿಗುತ್ತೆ. ಬೆಳಗ್ಗೆ ಮಾಲು ಬಂದು ಕ್ರೇಟುಗಳು ಆಳೆತ್ತರ ಏರಿದವೋ, ಹಿಂದಿನ ಸಾಲಿನಲ್ಲಿ ಗುಮಾಸ್ತರ ಟ್ಯಾಬ್ ಸುಮ್ಮನೆ ಸುತ್ತುತ್ತಾ ಕೂರುತ್ತೆ. ಟೊಮೆಟೊ ಅಂದರೆ ಬಹುಪಾಲು ನೀರೇ. ನೀರು ರೇಡಿಯೊ ಅಲೆಯನ್ನು ಹೀರಿಕೊಳ್ಳುತ್ತೆ.

ಹಾಗಾಗಿ ಮೊದಲು ಆಕ್ಸೆಸ್ ಪಾಯಿಂಟನ್ನು (ವೈಫೈ ಸಿಗ್ನಲ್ ಬಿಡುವ ಪೆಟ್ಟಿಗೆ) ಕಚೇರಿ ಗೋಡೆಯಿಂದ ಬಿಚ್ಚಿ, ಕ್ರೇಟುಗಳಿಗಿಂತ ಎತ್ತರಕ್ಕೆ, ಶೆಡ್ಡಿನ ಕಬ್ಬಿಣದ ಕಂಬಕ್ಕೆ ಕಟ್ಟಿದೆ. ಬೀಮ್‌ಫಾರ್ಮಿಂಗ್, ಅಂದರೆ ಸಿಗ್ನಲ್ಲನ್ನು ಒಂದು ಫೋನಿನ ಕಡೆಗೆ ಕೂಡಿಸಿ ಕಳಿಸುವ ಸೌಲಭ್ಯ, ಆನ್ ಮಾಡಿದ್ದು ಆಮೇಲೆ.

ಇದರಿಂದ ಪವರ್ ಜಾಸ್ತಿಯಾಗಲ್ಲ. ನಾಲ್ಕು ಆಂಟೆನಾಗಳಿಂದ ಹೊರಟ ಅಲೆಗಳು ಆ ಫೋನಿನ ಹತ್ತಿರ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಂತೆ ಫೇಸ್ (ಅಲೆಯ ಏರಿಳಿತದ ಹೊತ್ತು) ಹೊಂದಿಸುತ್ತೆ, ಅಷ್ಟೇ. ತೇರಿನ ಹಗ್ಗ ಹಿಡಿದವರೆಲ್ಲ ಒಂದೇ ಏಟಿಗೆ ಎಳೆದ ಹಾಗೆ. ಆಂಟೆನಾ ದುಪ್ಪಟ್ಟಾದರೆ, ಒಟ್ಟು ಪವರ್ ಅಷ್ಟೇ ಇದ್ದರೂ, ಲೆಕ್ಕದ ಪ್ರಕಾರ 3 ಡಿಬಿ ಲಾಭ, ಅಂದರೆ ಫೋನಿಗೆ ಮುಟ್ಟುವ ಸಿಗ್ನಲ್ ಸುಮಾರು ದುಪ್ಪಟ್ಟು. ಹೊಂದಿಸಬೇಕಾದರೆ ದಾರಿ ಗೊತ್ತಿರಬೇಕಲ್ಲ? ಆಕ್ಸೆಸ್ ಪಾಯಿಂಟ್ ಡೇಟಾ ಇಲ್ಲದ ಪರೀಕ್ಷೆಯ ಪ್ಯಾಕೆಟ್ ಒಂದನ್ನು ಬಿಡುತ್ತೆ. ಅದು ತನಗೆ ಹೇಗೆ ಬಂದು ಮುಟ್ಟಿತು ಅನ್ನೋ ಲೆಕ್ಕವನ್ನು ಫೋನ್ ವಾಪಸ್ ಕಳಿಸುತ್ತೆ. 2009ರ 802.11ಎನ್ ಅನ್ನೋ ವೈಫೈ ಮಾನದಂಡದಲ್ಲಿ ಇದಕ್ಕೆ ಹಲವು ವಿಧಾನಗಳಿದ್ದವು, ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 2013ರ 802.11ಎಸಿ ಒಂದೇ ವಿಧಾನ ಇಟ್ಟುಕೊಂಡಿತು. ಆದರೂ ಫೋನಿನಲ್ಲೂ ಆ ಸೌಲಭ್ಯ ಇರಲೇಬೇಕು. ಅಲೆ ನೇರವಾಗಿಯೇ ಹೋಗಬೇಕು ಅಂತೇನಿಲ್ಲ, ತಗಡಿನ ಚಾವಣಿಗೆ ಬಡಿದು ಬಂದದ್ದೂ ಲೆಕ್ಕಕ್ಕೆ ಸೇರುತ್ತೆ. ಮಂಡಿಯಲ್ಲಿ ಇದೇ ದೊಡ್ಡ ಅನುಕೂಲ.

"ಏನಣ್ಣ, ನೀನು ಮಾಡಿದ್ಮೇಲೂ ಕಡ್ಡಿ ಅಷ್ಟೇ ಐತಲ್ಲ?" ಅಂದರು ಗುಮಾಸ್ತರು. ಕಡ್ಡಿ ಏರಲ್ಲ ಅಂದೆ. ಆಕ್ಸೆಸ್ ಪಾಯಿಂಟ್ 'ನಾನಿಲ್ಲಿದ್ದೀನಿ' ಅಂತ ಎಲ್ಲರಿಗೂ ಸಾರುವ ಬೀಕನ್ನಿಗೆ ಬೀಮ್‌ಫಾರ್ಮಿಂಗ್ ಇರಲ್ಲ, ಕಡ್ಡಿ ತೋರಿಸೋದು ಹೆಚ್ಚಾಗಿ ಅದರ ಬಲವನ್ನೇ. ನೋಡಬೇಕಾದ್ದು ಲಿಂಕ್ ಸ್ಪೀಡ್, ಅಂದರೆ ಫೋನಿಗೂ ಆಕ್ಸೆಸ್ ಪಾಯಿಂಟಿಗೂ ನಡುವಿನ ವೇಗ. ಕ್ರೇಟುಗಳ ನಡುವೆ ಲ್ಯಾಪ್‌ಟಾಪ್ ಹಿಡಿದು ನಿಂತು, ಆನ್ ಆಫ್ ಮಾಡಿ ಹೋಲಿಸಿದೆ. ಕಂಬದ ಬುಡದಲ್ಲಿ ವ್ಯತ್ಯಾಸವೇ ಇಲ್ಲ, ಅಲ್ಲಿ ಮೊದಲೇ ಪೂರ್ತಿ ವೇಗ. ನಡುವಿನ ಸಾಲುಗಳಲ್ಲಿ ವೇಗ ಒಂದೆರಡು ಮೆಟ್ಟಿಲು ಏರಿತು. ತೀರಾ ಹಿಂದೆ ಏನೂ ಇಲ್ಲ. ಹಮಾಲರು ಕ್ರೇಟ್ ಹೊತ್ತು ಓಡಾಡುವಾಗ ಅಲೆಯ ದಾರಿ ಬದಲಾಗುತ್ತಲೇ ಇರುತ್ತೆ, ಫೋನ್ ಕೊಟ್ಟ ಲೆಕ್ಕ ಬೇಗ ಹಳತಾಗುತ್ತೆ. ಹರಾಜಿನ ಹೊತ್ತಲ್ಲಿ ಲಾಭ ಇನ್ನೂ ಕಮ್ಮಿ.

ಇನ್ನೊಂದು ವಿಷಯ. ಇದು ಕೆಲಸ ಮಾಡೋದು ಆಕ್ಸೆಸ್ ಪಾಯಿಂಟಿನಿಂದ ಫೋನಿಗೆ ಬರುವ ದಿಕ್ಕಿನಲ್ಲಿ ಮಾತ್ರ. ಮಂಡಿಯವರು ದಿನವಿಡೀ ಮಾಡೋದು ಉಲ್ಟಾ, ಹೊರಗಿನ ವ್ಯಾಪಾರಿಗಳಿಗೆ ಮಾಲಿನ ವಿಡಿಯೊ ಕಳಿಸೋದು. ಅದು ಸುಧಾರಿಸಿದ್ದು ಎತ್ತರದಿಂದ, ನಾಲ್ಕು ಆಂಟೆನಾಗಳೂ ಫೋನಿನ ಸಿಗ್ನಲ್ ಹಿಡಿಯೋದರಿಂದ. ಎಂಟು ಆಂಟೆನಾದ್ದು ತರೋಣವಾ ಅಂತ ಮಾಲೀಕರು ಕೇಳಿದರು. ಬೇಡ ಅಂದು, ಹಿಂದಿನ ಸಾಲಿನವರೆಗೆ ಕೇಬಲ್ ಎಳೆದು ಅಲ್ಲಿಗೆ ಇನ್ನೊಂದು ಸಾಧಾರಣ ಆಕ್ಸೆಸ್ ಪಾಯಿಂಟ್ ಹಾಕಿಸಿದೆ.