ಮೆಡಿಕೇರ್ ಅರ್ಜಿ: ಮಗ ಕಟ್ಟಿದ ತೆರಿಗೆ ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ

ಅಮೆರಿಕದಲ್ಲಿರುವ ನಮ್ಮ ಕಡೆಯ ಹಿರಿಯರಿಗೆ ಮೆಡಿಕೇರ್ (ಮುಖ್ಯವಾಗಿ 65 ತುಂಬಿದವರಿಗೆ ಇಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ) ಅರ್ಜಿ ತುಂಬಿಕೊಡುವಾಗ ನಾನು ವಯಸ್ಸು ಕೇಳುವುದು ಆಮೇಲೆ. ಮೊದಲು ಕೇಳುವುದು, ನೀವಾಗಲಿ ನಿಮ್ಮ ಯಜಮಾನರಾಗಲಿ ಇಲ್ಲಿ ಸಂಬಳಕ್ಕೆ ದುಡಿದಿದ್ದೀರಾ ಎಂದು. "ಮಗ ಎಷ್ಟೋ ವರ್ಷದಿಂದ ಟ್ಯಾಕ್ಸ್ ಕಟ್ತಿದಾನಲ್ಲ" ಎನ್ನುವವರೇ ಜಾಸ್ತಿ. ಅದು ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಬರುವುದು ಸ್ವಂತದ ಅಥವಾ ಸಂಗಾತಿಯ 40 ಕ್ರೆಡಿಟ್, ಅಂದರೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ ಯೋಜನೆ) ತೆರಿಗೆ ಕಟ್ಟಿ ದುಡಿದದ್ದಕ್ಕೆ ಸಿಗುವ ಅಂಕಗಳು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಿಗುವುದಿಲ್ಲವಾದ್ದರಿಂದ ಕನಿಷ್ಠ ಹತ್ತು ವರ್ಷ ಬೇಕು. 2025ರಲ್ಲಿ ಒಂದು ಕ್ರೆಡಿಟ್‌ಗೆ 1,810 ಡಾಲರ್ ಗಳಿಕೆ, ನಾಲ್ಕಕ್ಕೂ 7,240. ಭಾರತದಲ್ಲಿ ಮಾಡಿದ ಸರ್ವಿಸ್ ಸೇರುವುದಿಲ್ಲ. ಎರಡು ದೇಶಗಳ ನಡುವೆ ಅಂಥ ಒಪ್ಪಂದವೇ ಇಲ್ಲ. ಮಗನ ಅಂಗಡಿಯಲ್ಲಿ ನಿಜವಾಗಿ ಕೆಲಸ ಮಾಡಿ, ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಮುರಿದಿದ್ದರೆ ಕ್ರೆಡಿಟ್ ಬರುತ್ತದೆ. ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡದ್ದಕ್ಕೆ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಬರುವುದಿಲ್ಲ.

40 ಇದ್ದರೆ ಆಸ್ಪತ್ರೆ ವೆಚ್ಚದ 'ಎ' ಭಾಗಕ್ಕೆ ಪ್ರೀಮಿಯಂ ಇಲ್ಲ. ಸಂಗಾತಿಯ ಕ್ರೆಡಿಟ್ ಮೇಲೆ ಪಡೆಯುವುದಾದರೆ ಆ ಸಂಗಾತಿಗೆ 62 ತುಂಬಿರಬೇಕು, ಮದುವೆಯಾಗಿ ಒಂದು ವರ್ಷವಾದರೂ ಆಗಿರಬೇಕು. ಕ್ರೆಡಿಟ್ ಇಲ್ಲದ, ಪೌರತ್ವವೂ ಇಲ್ಲದ ಹಿರಿಯರಿಗೆ ದಾರಿ ಒಂದೇ: 65 ತುಂಬಿರಬೇಕು, ಗ್ರೀನ್ ಕಾರ್ಡ್ ಇರಬೇಕು, ಅರ್ಜಿಗೆ ಮುಂಚಿನ ಐದು ವರ್ಷ ಸತತವಾಗಿ ಇಲ್ಲೇ ವಾಸವಿರಬೇಕು. ವಿಸಿಟರ್ ವೀಸಾದಲ್ಲಿ ಕಳೆದ ತಿಂಗಳುಗಳನ್ನು ಇದಕ್ಕೆ ಸೇರಿಸಿ ಎಣಿಸಬೇಡಿ. ಆರು ತಿಂಗಳು ಮೀರಿ ಊರಲ್ಲಿ ಉಳಿದಿದ್ದರೆ ಪ್ರಶ್ನೆ ಏಳುತ್ತದೆ. ಹಾಗಾಗಿ ಹಳೆಯ ಪಾಸ್‌ಪೋರ್ಟ್, ಟಿಕೆಟ್ ಎಲ್ಲ ಜೋಪಾನ.

ಇವರಿಗೆ ಖರ್ಚು ಹೆಚ್ಚು. 30ಕ್ಕಿಂತ ಕಡಿಮೆ ಕ್ರೆಡಿಟ್ ಇದ್ದವರಿಗೆ 2025ರಲ್ಲಿ 'ಎ' ತಿಂಗಳಿಗೆ 518 ಡಾಲರ್, ವೈದ್ಯರ ಶುಲ್ಕದ 'ಬಿ' 185. ತಲೆಗೆ 703! 30ರಿಂದ 39 ಇದ್ದರೆ ಆ ವರ್ಷ 'ಎ' 285ಕ್ಕೆ ಇಳಿಯುತ್ತಿತ್ತು. 'ಬಿ' ಒಂದನ್ನೇ ತೆಗೆದುಕೊಳ್ಳಬಹುದು. ಹಣ ಕೊಟ್ಟು 'ಎ' ಕೊಳ್ಳುವವರು ಮಾತ್ರ 'ಬಿ'ಯನ್ನೂ ತೆಗೆದುಕೊಳ್ಳಲೇಬೇಕು.

ನೋಂದಣಿಗೆ ಏಳು ತಿಂಗಳು: 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. 65 ದಾಟಿದ ಮೇಲೆ ಐದು ವರ್ಷ ಮುಗಿಸುವವರಿಗೆ ಅದು ಮುಗಿಯುವ ತಿಂಗಳಿನ ಸುತ್ತ ಇದೇ ಲೆಕ್ಕ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ನಮ್ಮವರ ಪಾಸ್‌ಪೋರ್ಟ್‌ಗಳಲ್ಲಿ ಬೇಕಾದಷ್ಟು. ಜನ್ಮದಿನ ತಿಂಗಳ 1ನೇ ತಾರೀಖಾದರೆ ಎಲ್ಲವೂ ಒಂದು ತಿಂಗಳು ಹಿಂದಕ್ಕೆ ಸರಿಯುತ್ತದೆ, ಅಂದರೆ ಕಡೆಯ ದಿನವೂ. ಅವಧಿ ತಪ್ಪಿದರೆ ಜನವರಿ 1ರಿಂದ ಮಾರ್ಚ್ 31ರವರೆಗೆ ಮಾತ್ರ ಅವಕಾಶ. ತಡವಾದ ಪ್ರತಿ ಹನ್ನೆರಡು ತಿಂಗಳಿಗೂ 'ಬಿ' ಪ್ರೀಮಿಯಂಗೆ ಶೇ. 10 ದಂಡ, ಅದೂ 'ಬಿ' ಇರುವಷ್ಟು ಕಾಲ.

ಸ್ವಂತದ ಅಥವಾ ಸಂಗಾತಿಯ ಚಾಲ್ತಿ ನೌಕರಿಯ ವಿಮೆ ಇದ್ದವರಿಗೆ ಈ ದಂಡವಿಲ್ಲ. ನೌಕರಿ ಅಥವಾ ವಿಮೆ, ಯಾವುದು ಮೊದಲು ನಿಂತಿತೋ ಅಲ್ಲಿಂದ ಎಂಟು ತಿಂಗಳೊಳಗೆ 'ಬಿ'ಗೆ ಸೇರುವ ಅರ್ಜಿ ಸಿಎಂಎಸ್-40ಬಿ ಜೊತೆ, ನೌಕರಿಯ ವಿಮೆ ಇತ್ತೆಂದು ಕಂಪನಿ ಸಹಿ ಮಾಡಿದ ಸಿಎಂಎಸ್-ಎಲ್564 ಫಾರಂ ಕೊಡಬೇಕು. ಕೆಲಸ ಬಿಟ್ಟ ಮೇಲೂ ಹಳೆಯ ಕಂಪನಿಯ ವಿಮೆಯನ್ನೇ ಮುಂದುವರಿಸುವ ಕೋಬ್ರಾ ವಿಮೆಯನ್ನು ನಂಬಿ ಕೂತವರೇ ಇಲ್ಲಿ ಸಿಕ್ಕಿಬೀಳುವುದು. ಅದು ಚಾಲ್ತಿ ನೌಕರಿಯ ವಿಮೆ ಅಲ್ಲ.

ಅಂಗವೈಕಲ್ಯದ ದಾರಿಯಲ್ಲಿ 65ಕ್ಕೆ ಕಾಯಬೇಕಿಲ್ಲ. ಸೋಷಿಯಲ್ ಸೆಕ್ಯುರಿಟಿ ಅಂಗವೈಕಲ್ಯ ಭತ್ಯೆ 24 ತಿಂಗಳು ಪಡೆದವರಿಗೆ 25ನೇ ತಿಂಗಳಿಂದ ಮೆಡಿಕೇರ್ ತಾನಾಗಿ ಬರುತ್ತದೆ. ಎಎಲ್‌ಎಸ್ ಎಂಬ ನರಗಳ ಕಾಯಿಲೆಗೆ ಈ ಕಾಯುವಿಕೆ ಇಲ್ಲ. ಕಿಡ್ನಿ ಪೂರ್ತಿ ಕೈಕೊಟ್ಟು ಡಯಾಲಿಸಿಸ್ ಮೇಲಿರುವವರಿಗೆ ಸಾಮಾನ್ಯವಾಗಿ ನಾಲ್ಕನೇ ತಿಂಗಳಿಂದ, ಮನೆಯಲ್ಲೇ ಮಾಡಿಕೊಳ್ಳಲು ತರಬೇತಿ ಪಡೆದರೆ ಮೊದಲ ತಿಂಗಳಿಂದಲೇ. ಬಡವರಿಗೆ ಸಿಗುವ ಎಸ್‌ಎಸ್‌ಐ ಭತ್ಯೆ ಬೇರೆ. ಅದರಿಂದ ಸಿಗುವುದು ಮೆಡಿಕೇಡ್, ಅಂದರೆ ಬಡವರಿಗಾಗಿ ಇರುವ ಬೇರೆ ಸರ್ಕಾರಿ ಆರೋಗ್ಯ ವಿಮೆ. 22ಕ್ಕೆ ಮುಂಚೆ ಅಂಗವೈಕಲ್ಯ ಶುರುವಾದ ಮಗನಿಗೋ ಮಗಳಿಗೋ, ನಿವೃತ್ತಿ ಭತ್ಯೆ ಪಡೆಯುತ್ತಿರುವ ಅಪ್ಪ ಅಮ್ಮನ ಕ್ರೆಡಿಟ್ ಮೇಲೆ ಭತ್ಯೆಯೂ, 24 ತಿಂಗಳ ನಂತರ ಮೆಡಿಕೇರೂ ಸಿಗಬಹುದು. ಈ ದಿಕ್ಕಿನಲ್ಲಿ ಕಾನೂನು ಒಪ್ಪುತ್ತದೆ.

ಬೆಂಗಳೂರಿನ ಆಸ್ಪತ್ರೆ ಬಿಲ್ಲಿಗೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಹಾಗೆಂದು ಚಳಿಗಾಲ ಊರಲ್ಲಿ ಕಳೆಯುವವರು 'ಬಿ' ನಿಲ್ಲಿಸಿ ಹೋದರೆ, ಮತ್ತೆ ಸೇರಲು ಮುಂದಿನ ಜನವರಿವರೆಗೆ ಕಾಯಬೇಕಾಗುತ್ತದೆ.