ಕಾಕ್‌ಪಿಟ್ ಮುಚ್ಚಳಕ್ಕೆ ಬಿಳಿ ಫೆವಿಕಾಲ್ ಸಾಕು

ಪ್ಲಾಸ್ಟಿಕ್ ವಿಮಾನದ ಕಿಟ್ ಜೋಡಿಸುವಾಗ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳವನ್ನು ಸೂಪರ್ ಗ್ಲೂ ಬದಲು ಬಿಳಿ ಫೆವಿಕಾಲ್‌ನಿಂದ ಅಂಟಿಸಿ. ಸೂಪರ್ ಗ್ಲೂ ಒಣಗುವಾಗ ಅದರ ಆವಿ ಒಳಗೆ ಕೂತು ಮುಚ್ಚಳ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ. ಕಿಟ್ ಜೋಡಿಸಲು ಬಳಸುವ ಪ್ಲಾಸ್ಟಿಕ್ ಸಿಮೆಂಟ್ ಎಂಬ ಅಂಟು ಅಂತೂ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ, ಒಂದು ಹನಿ ಜಾಸ್ತಿಯಾದರೂ ಕಲೆ ಉಳಿದುಬಿಡುತ್ತದೆ. ಫೆವಿಕಾಲ್ ನೀರು ಆರಿದ ಮೇಲೆ ಗಟ್ಟಿಯಾಗುವ ಅಂಟು, ಅದರಲ್ಲಿ ಈ ಎರಡು ಕಾಟವೂ ಇಲ್ಲ. ಟೂತ್‌ಪಿಕ್ ತುದಿಯಲ್ಲಿ ಅಂಚಿನ ಸುತ್ತ ದಾರದಷ್ಟು ತೆಳ್ಳಗೆ ಎಳೆಯಿರಿ, ಮುಚ್ಚಳ ಕೂರಿಸಿ, ಹೊರಗೆ ಬಂದದ್ದನ್ನು ಒದ್ದೆ ಇಯರ್‌ಬಡ್‌ನಿಂದ ಒರೆಸಿ. ಹಾಲಿನಂಥ ಗೆರೆ ನಿಧಾನವಾಗಿ ಕಾಣದಾಗುತ್ತದೆ, ನೋಡೋಕೇ ಖುಷಿ! ಕೂದಲೆಳೆಯಷ್ಟು ಸಂದಿ ಇದ್ದರೆ ಅದನ್ನೂ ತುಂಬುತ್ತದೆ. ಸೊಟ್ಟಗೆ ಕೂತರೆ ಒಣಗುವ ಮುಂಚೆ ತೆಗೆದು ತೊಳೆದು ಮತ್ತೆ ಕೂರಿಸಬಹುದು, ಸೂಪರ್ ಗ್ಲೂನಲ್ಲಿ ಇದು ಆಗುತ್ತಾ? ಆದರೆ ರೆಕ್ಕೆ, ಚಕ್ರದ ಕಾಲುಗಳಿಗೆ ಇದು ಬೇಡ, ಭಾರ ತಡೆಯುವುದಿಲ್ಲ. ಮುಚ್ಚಳ ಒತ್ತಿ ಹಿಡಿದರಷ್ಟೇ ಕೂರುತ್ತದೆ ಅಂತಾದರೂ ಫೆವಿಕಾಲ್‌ನಲ್ಲಿ ನಿಲ್ಲದು, ಮೊದಲು ಅಂಚು ಉಜ್ಜಿ ಸರಿ ಮಾಡಿ. ಮಳೆಗಾಲದಲ್ಲಿ ಒಣಗೋದು ತುಂಬಾ ತಡ. ಒಂದು ರಾತ್ರಿ ಪೂರ್ತಿ ಬಿಟ್ಟು, ಆಮೇಲೆ ಬಣ್ಣ ತಾಗದಂತೆ ಮುಚ್ಚಳದ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ. ಇಲ್ಲದಿದ್ದರೆ ಟೇಪ್ ಕೀಳುವಾಗ ಮುಚ್ಚಳವೂ ಜೊತೆಗೇ ಎದ್ದು ಬರುತ್ತದೆ.