ಒಂದು ಹಾಲಿನ ಡೇರಿ, ಇಡೀ ಎಂಐಎಸ್: ಪ್ರಾಜೆಕ್ಟ್ ಮಾಡುವುದು ಹೇಗೆ?

ಬಿಬಿಎ, ಬಿಕಾಂ, ಎಂಬಿಎ, ಎಂಸಿಎ ಯಾವುದನ್ನೇ ಓದುತ್ತಿರಲಿ, ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ಸ್ ಎದುರಾಗುತ್ತದೆ. ಎಲ್ಲರೂ ಕರೆಯುವುದು ಎಂಐಎಸ್ ಅಂತ. ಸಂಸ್ಥೆಯೊಂದರ ತೀರ್ಮಾನಗಳಿಗೆ ಬೇಕಾದ ಮಾಹಿತಿಯನ್ನು ಕೂಡಿಸಿ ಕೊಡುವ ವ್ಯವಸ್ಥೆಯ ಓದು ಇದು. ಡೇಟಾಬೇಸ್ ಒಂದು ಪೇಪರ್, ಸಿಸ್ಟಮ್ ಅನಾಲಿಸಿಸ್ ಇನ್ನೊಂದು, ನೆಟ್‌ವರ್ಕ್ ಮತ್ತೊಂದು. ಮೂರನ್ನೂ ಬೇರೆ ಬೇರೆ ಬಾಯಿಪಾಠ ಮಾಡಿ ಪಾಸಾದವರಿಗೆ, ಇವು ಒಂದಕ್ಕೊಂದು ಎಲ್ಲಿ ಸೇರುತ್ತವೆ ಅನ್ನುವುದು ಮಾತ್ರ ಗೊತ್ತಾಗಿರುವುದಿಲ್ಲ.

ಕಂಪ್ಯೂಟಿಂಗ್ ಕ್ಷೇತ್ರದ ಎಸಿಎಂ ಮತ್ತು ಮಾಹಿತಿ ವ್ಯವಸ್ಥೆ ಕ್ಷೇತ್ರದ ಎಐಎಸ್ ಎಂಬ ಅಂತರರಾಷ್ಟ್ರೀಯ ಸಂಘಗಳು ಸೇರಿ 2010ರಲ್ಲಿ ಪದವಿ ಮಟ್ಟಕ್ಕೆ ಒಂದು ಮಾದರಿ ಪಠ್ಯಕ್ರಮ ರೂಪಿಸಿದವು. ಅದರಲ್ಲಿ ಮುಖ್ಯ ವಿಷಯಗಳು ಏಳು: ಮಾಹಿತಿ ವ್ಯವಸ್ಥೆಯ ಬುನಾದಿ, ಡೇಟಾ ನಿರ್ವಹಣೆ, ಸಿಸ್ಟಮ್ ಅನಾಲಿಸಿಸ್ ಮತ್ತು ಡಿಸೈನ್, ಐಟಿ ಮೂಲಸೌಕರ್ಯ, ಎಂಟರ್‌ಪ್ರೈಸ್ ಆರ್ಕಿಟೆಕ್ಚರ್, ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಮತ್ತು ಕಾರ್ಯತಂತ್ರ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೆಸರು, ಕ್ರಮ ಬದಲಾಗಬಹುದು. ಹೂರಣ ಹೆಚ್ಚುಕಡಿಮೆ ಇದೇ.

ಈ ಏಳನ್ನೂ ಒಂದೇ ಜಾಗದಲ್ಲಿ ಕಲಿಯಬಹುದು. ನನ್ನ ಸಲಹೆ: ನಿಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘ. ಅಂದರೆ ಡೇರಿ.

ಡೇರಿಯೇ ಯಾಕೆ?

ಪ್ರಾಜೆಕ್ಟ್ ಅಂದ ಕೂಡಲೇ ವಿದ್ಯಾರ್ಥಿಗಳು ದೊಡ್ಡ ಕಂಪನಿಯ ಹೆಸರು ಬರೆಯುತ್ತಾರೆ. ಒಳಗೆ ಹೋಗಿ ನೋಡಿರುವುದಿಲ್ಲ. ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ಅಂಟಿಸುತ್ತಾರೆ. ಡೇರಿಯಲ್ಲಿ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಬೆಳಿಗ್ಗೆ, ಸಂಜೆ ದಿನಕ್ಕೆರಡು ಸಲ ಹಾಲು ಬರುತ್ತದೆ. ತೂಕ ಆಗುತ್ತದೆ, ಪರೀಕ್ಷೆ ಆಗುತ್ತದೆ, ಚೀಟಿ ಬರುತ್ತದೆ, ದುಡ್ಡಿನ ಲೆಕ್ಕ ಆಗುತ್ತದೆ. ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ಕೆಎಂಎಫ್. 1974ರಲ್ಲಿ ಹೈನು ಅಭಿವೃದ್ಧಿ ನಿಗಮವಾಗಿ ಶುರುವಾದದ್ದು 1984ರಲ್ಲಿ ಮಹಾಮಂಡಳಿಯಾಯಿತು. ಹಳ್ಳಿಯ ಒಂದು ಮೇಜಿನಿಂದ ಬೆಂಗಳೂರಿನ ಕಚೇರಿಯವರೆಗೆ ಅಂಕಿಗಳು ಹೇಗೆ ಏರುತ್ತವೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಇಲ್ಲಿ ಒಂದು ಅಂಕಿ ತಪ್ಪಾದರೆ ಯಾರದೋ ಮನೆಯ ದುಡ್ಡು ಕಡಿಮೆಯಾಗುತ್ತದೆ. ಡೇಟಾ ಸರಿ ಇರಬೇಕು ಅನ್ನುವುದು ಇಲ್ಲಿ ನಿಂತು ನೋಡಿದಾಗ ಅರ್ಥವಾದಷ್ಟು ಪುಸ್ತಕದಲ್ಲಿ ಅರ್ಥವಾಗುವುದಿಲ್ಲ.

ಮೊದಲು ತೀರ್ಮಾನಗಳನ್ನು ಬರೆದುಕೊಳ್ಳಿ

ಲ್ಯಾಪ್‌ಟಾಪ್ ಇನ್ನೂ ತೆಗೆಯಬೇಡಿ. ಒಂದು ಹಾಳೆ ತೆಗೆದುಕೊಂಡು, ಈ ಡೇರಿಯಲ್ಲಿ ಯಾರು ಯಾವ ತೀರ್ಮಾನ ಮಾಡುತ್ತಾರೆ ಎಂದು ಬರೆಯಿರಿ. ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ರಾಬರ್ಟ್ ಆಂಥೊನಿ 1965ರಲ್ಲಿ ಸಂಸ್ಥೆಯ ತೀರ್ಮಾನಗಳನ್ನು ಮೂರು ಪದರಗಳಾಗಿ ವಿಂಗಡಿಸಿದ್ದರು. ದಿನನಿತ್ಯದ ಕೆಲಸದ್ದು ಒಂದು, ನಿರ್ವಹಣೆಯದು ಒಂದು, ದೂರದ ಯೋಜನೆಯದು ಒಂದು. ಎಂಐಎಸ್ ಪುಸ್ತಕಗಳಲ್ಲಿ ಕಾಣುವ ಪಿರಮಿಡ್ ಚಿತ್ರದ ಹಿಂದೆ ಇರುವುದು ಇದೇ ಯೋಚನೆ.

ಡೇರಿಯಲ್ಲಿ ನೋಡಿ. ಈ ಹಾಲು ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದು ಹಾಲು ಪರೀಕ್ಷಕರ ತೀರ್ಮಾನ, ಅದೂ ಆ ಕ್ಷಣದಲ್ಲೇ. ಪಶು ಆಹಾರ ಎಷ್ಟು ಮೂಟೆ ತರಿಸಬೇಕು ಅನ್ನುವುದು ಕಾರ್ಯದರ್ಶಿಯದು. ಸಂಘಕ್ಕೆ ಸ್ವಂತ ಶೀತಲೀಕರಣ ಘಟಕ ಬೇಕೇ ಅನ್ನುವುದು ಆಡಳಿತ ಮಂಡಳಿಯದು. ಮೂವರಿಗೂ ಬೇಕಾದ ಮಾಹಿತಿ ಬೇರೆ. ಪರೀಕ್ಷಕರಿಗೆ ಒಂದು ಕ್ಯಾನಿನ ಫ್ಯಾಟ್ ಸಾಕು. ಆಡಳಿತ ಮಂಡಳಿಗೆ ಮೂರು ವರ್ಷದ ಹಾಲಿನ ಏರಿಳಿತ ಬೇಕು. ಈ ಹಾಳೆ ಸರಿಯಾದರೆ ಬುನಾದಿ ಪೇಪರ್ ಅರ್ಧ ಮುಗಿದ ಹಾಗೆ.

ಹೋಗಿ ನೋಡಿ, ಆಮೇಲೆ ಕೇಳಿ

ಮೊದಲೇ ಕಾರ್ಯದರ್ಶಿಯವರ ಒಪ್ಪಿಗೆ ತೆಗೆದುಕೊಳ್ಳಿ. ಕಾಲೇಜಿನ ಪತ್ರ ಇದ್ದರೆ ಒಳ್ಳೆಯದು. ಹಾಲು ಹಾಕುವ ಹೊತ್ತಿನಲ್ಲಿ ಪ್ರಶ್ನೆ ಕೇಳಬೇಡಿ, ಸಾಲು ನಿಲ್ಲುತ್ತದೆ. ಪಕ್ಕದಲ್ಲಿ ನಿಂತು ಸುಮ್ನೆ ನೋಡಿ. ಟ್ಯಾಂಕರ್ ಹೋದ ಮೇಲೆ ಮಾತಾಡಿ.

"ನಿಮಗೆ ಸಾಫ್ಟ್‌ವೇರ್‌ನಲ್ಲಿ ಏನೇನು ಬೇಕು ಸರ್?" ಎಂದು ಕೇಳಿದರೆ "ಎಲ್ಲಾ ಸರಿಯಾಗೇ ಇದೆ" ಎನ್ನುತ್ತಾರೆ. ಹೀಗೆ ಕೇಳಿ: "ಸರ್, ನಿನ್ನೆ ಸಂಜೆ ಕರೆಂಟ್ ಹೋದಾಗ ಲೆಕ್ಕ ಎಲ್ಲಿ ಬರೆದ್ರಿ? ಆ ಪುಸ್ತಕ ತೋರಿಸ್ತೀರಾ?" ಆಗ ನಿಜವಾದ ವ್ಯವಸ್ಥೆ ಹೊರಗೆ ಬರುತ್ತದೆ. ಯಂತ್ರದ ಪಕ್ಕದ ನೋಟ್‌ಬುಕ್, ಗೋಡೆಯ ಮೇಲಿನ ದರಪಟ್ಟಿ, ಪಶು ಆಹಾರದ ಸಾಲದ ಪುಸ್ತಕ. ಒಂದೊಂದರದ್ದೂ ಖಾಲಿ ಪ್ರತಿ ಕೇಳಿ ಪಡೆಯಿರಿ. ಹಾಲಿನ ಚೀಟಿ, ಸದಸ್ಯರ ರಿಜಿಸ್ಟರ್, ಬಟವಾಡೆ ಪಟ್ಟಿ, ಟ್ಯಾಂಕರ್‌ಗೆ ಕೊಡುವ ಚೀಟಿ, ಎಲ್ಲವೂ ಬೇಕು. ಹಾಲು ಹಾಕಲು ಬಂದವರನ್ನೂ ಮಾತಾಡಿಸಿ. "ಅಮ್ಮಾ, ಈ ಚೀಟೀಲಿ ಏನೇನು ನೋಡ್ಕೋತೀರಿ?" ಎಂದು ಕೇಳಿದರೆ, ಚೀಟಿಯಲ್ಲಿ ಯಾವ ಅಕ್ಷರ ದೊಡ್ಡದಾಗಿರಬೇಕು ಎಂದು ಅವರೇ ಹೇಳಿಬಿಡುತ್ತಾರೆ.

ಅಳತೆಯ ಬಗ್ಗೆ ತಪ್ಪದೇ ಕೇಳಿ. ತೂಕದ ಯಂತ್ರ ಕೆಜಿ ತೋರಿಸುತ್ತದೆಯೋ ಲೀಟರೋ? ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ದಿನಕ್ಕೆ 600 ಕೆಜಿ ಬಂದರೆ ಅದು ಸುಮಾರು 582 ಲೀಟರ್. ಕೆಜಿ ಅಂಕಿಯನ್ನು ಲೀಟರ್ ಕಾಲಂಗೆ ಹಾಗೇ ಬರೆದರೆ ದಿನಕ್ಕೆ 17 ಲೀಟರಿಗೂ ಜಾಸ್ತಿ ವ್ಯತ್ಯಾಸ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಕಾಲಂ ಹೆಸರು ಬರೀ "ಪ್ರಮಾಣ" ಎಂದಿರುತ್ತದೆ. ಹಾಗೆ ಮಾಡಬೇಡಿ, ಅಳತೆಯನ್ನು ಹೆಸರಿನಲ್ಲೇ ಸೇರಿಸಿ.

ನೋಡಿದ್ದನ್ನು ಡೇಟಾ ಫ್ಲೋ ಚಿತ್ರವಾಗಿ, ಅಂದರೆ ಡೇಟಾ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವ ಚಿತ್ರವಾಗಿ, ಬರೆಯುವುದು ಮುಂದಿನ ಕೆಲಸ. ಮೊದಲು ಇಡೀ ಡೇರಿಗೆ ಒಂದೇ ವೃತ್ತ, ಸುತ್ತ ಸದಸ್ಯರು, ಒಕ್ಕೂಟ, ಬ್ಯಾಂಕ್. ಆಮೇಲೆ ಅದನ್ನು ಒಡೆದು ನಾಲ್ಕೈದು ಕೆಲಸಗಳಾಗಿ ಬಿಡಿಸಿ. ಪ್ರತಿ ಬಾಣಕ್ಕೂ ಡೇಟಾದ ಹೆಸರಿರಲಿ. ಒಂದು ರಿಜಿಸ್ಟರ್‌ನಿಂದ ಇನ್ನೊಂದಕ್ಕೆ ನೇರ ಬಾಣ ಎಳೆಯುವಂತಿಲ್ಲ, ನಡುವೆ ಯಾರೋ ಮಾಡುವ ಕೆಲಸ ಇರಲೇಬೇಕು.

ಟೇಬಲ್‌ಗಳು: ಇಲ್ಲಿ ನಿಧಾನವಾಗಿ ಹೋಗಿ

ಪ್ರಾಜೆಕ್ಟ್‌ನ ಜೀವ ಇರುವುದೇ ಇಲ್ಲಿ. ಎಡ್ಗರ್ ಕಾಡ್ ಐಬಿಎಂನಲ್ಲಿದ್ದಾಗ 1970ರಲ್ಲಿ ರಿಲೇಷನಲ್ ಮಾದರಿಯನ್ನು, ಅಂದರೆ ಡೇಟಾವನ್ನು ಟೇಬಲ್ ರೂಪದಲ್ಲಿ ಇಡುವ ವಿಧಾನವನ್ನು ಮಂಡಿಸಿದರು. ಪೀಟರ್ ಚೆನ್ 1976ರಲ್ಲಿ ಇಆರ್ ಚಿತ್ರದ (ಯಾವ ವಿಷಯಕ್ಕೆ ಯಾವುದು ಸಂಬಂಧ ಎಂದು ತೋರಿಸುವ ಚಿತ್ರ) ವಿಧಾನ ಕೊಟ್ಟರು. ಇವತ್ತಿಗೂ ನಾವು ಕಲಿಯುವುದು ಇವೆರಡರ ಮೇಲೇ ನಿಂತಿದೆ.

ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ಹಾಕಿದರೆ ಏನಾಗುತ್ತದೆ ಎಂದು ಮೊದಲು ನೋಡಿ. ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ, ಹೆಸರು, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಶಾಖೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಘನಾಂಶ), ದರ, ಕಡಿತ (ಪಶು ಆಹಾರ ಮುಂತಾದವಕ್ಕೆ ಬಟವಾಡೆಯಲ್ಲಿ ಕಳೆಯುವುದು). 120 ಸದಸ್ಯರು, ದಿನಕ್ಕೆ ಎರಡು ಹೊತ್ತು, 15 ದಿನಕ್ಕೊಂದು ಬಟವಾಡೆ ಎಂದುಕೊಂಡರೆ ಒಂದು ಬಟವಾಡೆಗೆ 3,600 ಸಾಲು. ಒಬ್ಬರು ಬ್ಯಾಂಕ್ ಖಾತೆ ಬದಲಿಸಿದರೆ ಅವರದೇ 30 ಸಾಲು ತಿದ್ದಬೇಕು. ಒಂದು ಸಾಲು ತಪ್ಪಿಹೋದರೆ ಯಾವ ಖಾತೆ ಸರಿ ಎಂದು ಹೇಳುವವರಿಲ್ಲ.

ಈಗ ಕೀ ಹುಡುಕಿ, ಅಂದರೆ ಒಂದು ಸಾಲನ್ನು ಉಳಿದವುಗಳಿಂದ ಬೇರೆಯಾಗಿ ಗುರುತಿಸುವ ಕಾಲಂ. ಹೆಸರು ಕೀ ಆಗಲಾರದು. ಒಂದೇ ಊರಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಸಾಮಾನ್ಯ, ಅಲ್ವಾ? ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ ಮೂರೂ ಸೇರಿದರೆ ಒಂದು ಸಾಲನ್ನು ಗುರುತಿಸಬಹುದು. ಆದರೆ ಒಬ್ಬರೇ ಹಸುವಿನ ಹಾಲನ್ನೂ ಎಮ್ಮೆ ಹಾಲನ್ನೂ ಬೇರೆ ಬೇರೆ ತಂದರೆ? ಹಾಲಿನ ಬಗೆಯೂ ಸೇರಬೇಕು. ಒಂದೇ ಬಗೆಯ ಹಾಲನ್ನು ಎರಡು ಸಲ ತಂದರೆ? ಆಗ ಚೀಟಿ ಸಂಖ್ಯೆಯೇ ಗತಿ. ಉತ್ತರ ಪುಸ್ತಕದಲ್ಲಿಲ್ಲ, ನೀವು ನಿಂತು ನೋಡಿದ ಡೇರಿಯಲ್ಲಿದೆ.

ಪುನರಾವರ್ತನೆ ಇಲ್ಲದಂತೆ ಟೇಬಲ್ ಒಡೆಯುವುದಕ್ಕೆ ನಾರ್ಮಲೈಸೇಷನ್ ಎನ್ನುತ್ತಾರೆ. ಅದರ ಮೊದಲ ಮೂರು ಹಂತಗಳೂ ಇದೇ ಹಾಳೆಯಲ್ಲಿ ಸಿಗುತ್ತವೆ. ಕಡಿತದ ಕಾಲಂನಲ್ಲಿ "ಪಶು ಆಹಾರ 1 ಮೂಟೆ, ಖನಿಜ ಮಿಶ್ರಣ 2 ಕೆಜಿ" ಎಂದು ಎರಡು ವಿಷಯ ತುರುಕಿದ್ದಾರೆ. ಇದು ಮೊದಲ ಹಂತದ ದೋಷ. ಕಡಿತಕ್ಕೆ ಬೇರೆ ಟೇಬಲ್ ಮಾಡಿ, ಒಂದೊಂದು ವಸ್ತುವಿಗೆ ಒಂದೊಂದು ಸಾಲು ಕೊಡಿ. ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ ಸೇರಿ ಕೀ ಆಗಿದ್ದಾಗ, ಹೆಸರು ಅದರಲ್ಲಿ ಸದಸ್ಯ ಸಂಖ್ಯೆಯನ್ನು ಮಾತ್ರ ನೆಚ್ಚಿಕೊಂಡಿದೆ. ದಿನಾಂಕಕ್ಕೂ ಹೆಸರಿಗೂ ಸಂಬಂಧವಿಲ್ಲ. ಇದು ಎರಡನೇ ಹಂತದ ದೋಷ. ಹೆಸರು, ಖಾತೆ ಎರಡೂ ಸದಸ್ಯರ ಟೇಬಲ್‌ಗೆ ಹೋಗಲಿ. ಅಲ್ಲಿಗೆ ಹೋದ ಮೇಲೂ ಒಂದು ತೊಡಕು ಉಳಿಯುತ್ತದೆ. ಶಾಖೆಯ ಹೆಸರು ತೀರ್ಮಾನವಾಗುವುದು ಐಎಫ್‌ಎಸ್‌ಸಿಯಿಂದ. ಸದಸ್ಯ ಸಂಖ್ಯೆಗೂ ಶಾಖೆಗೂ ನಡುವೆ ಇನ್ನೊಂದು ಕೊಂಡಿ ಇದೆ. ಇದು ಮೂರನೇ ಹಂತ. ಶಾಖೆಗೆ ಪ್ರತ್ಯೇಕ ಟೇಬಲ್ ಮಾಡಿದರೆ ಮುಗಿಯಿತು.

ದರದ ವಿಷಯ ಇನ್ನೂ ಸೂಕ್ಷ್ಮ. ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ದರಪಟ್ಟಿಯಿಂದ ದರ ಹುಡುಕುತ್ತಾರೆ. ಹಾಗಾದರೆ ಹಾಲಿನ ಟೇಬಲ್‌ನಲ್ಲಿ ದರವನ್ನು ಮತ್ತೆ ಬರೆಯುವುದು ಸುಮ್ನೆ ಪುನರಾವರ್ತನೆ ಎಂದು ಅನ್ನಿಸುತ್ತದೆ. ಬಟವಾಡೆಯ ನಡುವೆ ದರ ಬದಲಾಯಿತು ಎಂದುಕೊಳ್ಳಿ. ಹೊಸ ದರಪಟ್ಟಿಯನ್ನು ಹಳೆಯದರ ಮೇಲೇ ಬರೆದುಬಿಟ್ಟರೆ ಹೋದ ವಾರದ ಹಾಲಿಗೂ ಹೊಸ ದರ ಬೀಳುತ್ತದೆ. ಅದಕ್ಕೇ ದರಪಟ್ಟಿಯ ಪ್ರತಿ ಸಾಲಿಗೂ ಜಾರಿಯ ದಿನಾಂಕ ಇರಬೇಕು. ಜೊತೆಗೆ, ಚೀಟಿಯಲ್ಲಿ ಅಚ್ಚಾದ ದರವನ್ನು ಹಾಲಿನ ಸಾಲಿನಲ್ಲೂ ಉಳಿಸಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಆ ದಿನ ಆ ಸದಸ್ಯರಿಗೆ ಕೊಟ್ಟ ಮಾತು. ನಾಳೆ ಪಟ್ಟಿ ತಿದ್ದಿದರೂ ಆ ಮಾತು ಬದಲಾಗಬಾರದು.

ಪೈಸೆಯನ್ನು ಎಲ್ಲಿ ದುಂಡಾಗಿಸುತ್ತೀರಿ ಎಂದೂ ಬರೆದಿಡಿ. 7.3 ಲೀಟರಿಗೆ 36.35 ರೂಪಾಯಿಯಂತೆ ಲೆಕ್ಕ ಹಾಕಿದರೆ 265.355 ಬರುತ್ತದೆ. ಚೀಟಿಯಲ್ಲಿ ಪ್ರತಿ ಸಲ ದುಂಡಾಗಿಸಿ, ಬಟವಾಡೆಯಲ್ಲಿ ಒಟ್ಟು ಮೊತ್ತವನ್ನು ಮಾತ್ರ ದುಂಡಾಗಿಸಿದರೆ ಎರಡೂ ತಾಳೆಯಾಗುವುದಿಲ್ಲ. ಚೀಟಿಗಳನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟು ಕೂಡಿ ನೋಡುವವರು ಪ್ರತಿ ಊರಿನಲ್ಲೂ ಇದ್ದಾರೆ.

ಟೇಬಲ್‌ಗೆ ಪ್ರಶ್ನೆ ಕೇಳಿ

ಇನ್ನು ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ. ಮೊದಲು ಬರೆದಿಟ್ಟ ತೀರ್ಮಾನಗಳ ಹಾಳೆ ತೆಗೆಯಿರಿ. ಪ್ರತಿ ತೀರ್ಮಾನಕ್ಕೂ ಒಂದು ಪ್ರಶ್ನೆ ಕಟ್ಟಿ.

ಯಾರಿಗೆ ಎಷ್ಟು ಬಟವಾಡೆ? ಸದಸ್ಯ ಸಂಖ್ಯೆಯ ಮೇಲೆ ಗ್ರೂಪ್ ಬೈ ಮಾಡಿ (ಒಬ್ಬೊಬ್ಬರ ಸಾಲುಗಳನ್ನು ಗುಂಪು ಮಾಡಿ) ಮೊತ್ತ ಕೂಡಿದರೆ ಹಾಲಿನ ಹಣ ಬರುತ್ತದೆ. ಕಡಿತವನ್ನೂ ಬೇರೆಯಾಗಿ ಕೂಡಿ, ಆಮೇಲೆ ಜೋಡಿಸಿ. ಎರಡು ಟೇಬಲ್‌ಗಳನ್ನು ಮೊದಲೇ ಜಾಯಿನ್ ಮಾಡಿ (ಸದಸ್ಯ ಸಂಖ್ಯೆ ನೋಡಿ ಸಾಲಿಗೆ ಸಾಲು ಜೋಡಿಸಿ) ಆಮೇಲೆ ಕೂಡಿದರೆ, ಎರಡು ಕಡಿತ ಇರುವವರ ಹಾಲಿನ ಹಣ ಎರಡು ಪಟ್ಟು ಕಾಣುತ್ತದೆ. ತುಂಬಾ ಜನ ಎಡವುವ ಜಾಗ ಇದು.

ಯಾರು ಹಾಲು ಹಾಕುವುದನ್ನು ನಿಲ್ಲಿಸಿದ್ದಾರೆ? ಕಾರ್ಯದರ್ಶಿಗೆ ಇದು ಬಹಳ ಮುಖ್ಯ. ಹಸು ಬತ್ತಿರಬಹುದು, ಕಾಯಿಲೆ ಬಿದ್ದಿರಬಹುದು, ಖಾಸಗಿ ಡೇರಿಗೆ ಹಾಲು ಹೋಗುತ್ತಿರಬಹುದು. ಹಾಲಿನ ಟೇಬಲ್‌ನಲ್ಲಿ ಅವರ ಸಾಲೇ ಇರುವುದಿಲ್ಲ. ಇಲ್ಲದ ಸಾಲನ್ನು ಸಾಧಾರಣ ಜಾಯಿನ್ ತೋರಿಸದು. ಸದಸ್ಯರ ಟೇಬಲ್‌ನಿಂದ ಲೆಫ್ಟ್ ಜಾಯಿನ್ (ಹಾಲಿನ ಸಾಲು ಇಲ್ಲದ ಸದಸ್ಯರನ್ನೂ ಉಳಿಸಿಕೊಳ್ಳುವ ಜಾಯಿನ್) ಮಾಡಿ, ದಿನಾಂಕದ ಷರತ್ತನ್ನು ಜಾಯಿನ್ ಒಳಗೇ ಇಟ್ಟು, ಹಾಲಿನ ಕಡೆ ಖಾಲಿ ಉಳಿದವರನ್ನು ಹುಡುಕಬೇಕು. ಬರೀ ಲೆಕ್ಕದ ಯಂತ್ರಕ್ಕೂ ಮಾಹಿತಿ ವ್ಯವಸ್ಥೆಗೂ ಇರುವ ವ್ಯತ್ಯಾಸ ಈ ಒಂದು ಪ್ರಶ್ನೆಯಲ್ಲೇ ಕಾಣುತ್ತದೆ.

ಸದಸ್ಯರಿಂದ ಬಂದ ಹಾಲಿಗೂ ಟ್ಯಾಂಕರ್‌ಗೆ ಹೋದ ಹಾಲಿಗೂ ತಾಳೆ ಇದೆಯೇ? ಊರಿನಲ್ಲೇ ಮಾರಿದ ಹಾಲನ್ನು ಕಳೆಯಲು ಮರೆಯಬೇಡಿ.

ತಪ್ಪು ನುಸುಳದಂತೆ

ಹಸುವಿನ ಹಾಲಿಗೆ 4.2 ಬದಲು 42 ಫ್ಯಾಟ್ ಒತ್ತಿದರೆ ವ್ಯವಸ್ಥೆ ಅದನ್ನು ತೆಗೆದುಕೊಳ್ಳಬಾರದು. ಒಮ್ಮೆ ದಾಖಲಾದ ಚೀಟಿಯನ್ನು ಅಳಿಸಲು ಯಾರಿಗೂ ಬಿಡಬೇಡಿ. ತಿದ್ದುಪಡಿ ಬೇಕಾದರೆ ಹೊಸ ಸಾಲು ಬರಲಿ. ಯಾರು, ಯಾವಾಗ, ಏಕೆ ತಿದ್ದಿದರು ಎಂಬುದು ಅದರಲ್ಲಿರಲಿ. ಹಾಲು ಪರೀಕ್ಷೆ ಮಾಡುವವರ ಕೈಯಲ್ಲೇ ದರಪಟ್ಟಿ ಬದಲಿಸುವ ಅಧಿಕಾರವೂ ಇರಬಾರದು. ಇದು ಯಾರ ಮೇಲೂ ಅನುಮಾನದ ಮಾತಲ್ಲ. ನಾಳೆ ಯಾರಾದರೂ ಬೆರಳು ತೋರಿಸಿದರೆ ಪ್ರಾಮಾಣಿಕ ನೌಕರನನ್ನು ಕಾಪಾಡುವುದೇ ಈ ವಿಂಗಡಣೆ.

ವರದಿಯಲ್ಲಿ ನಿಜವಾದ ಹೆಸರು, ಖಾತೆ ಸಂಖ್ಯೆ ಹಾಕಬೇಡಿ. ವೈಯಕ್ತಿಕ ಡೇಟಾ ರಕ್ಷಣೆಗೆ ನಮ್ಮಲ್ಲಿ 2023ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಇಲ್ಲದಿದ್ದರೂ, ನಂಬಿ ರಿಜಿಸ್ಟರ್ ತೋರಿಸಿದವರ ವಿಷಯ ಹೊರಗೆ ಹೋಗಬಾರದು.

ಉಳಿದ ಪೇಪರ್‌ಗಳು

ಮೂಲಸೌಕರ್ಯಕ್ಕೆ ಎರಡು ಪ್ರಶ್ನೆ ಸಾಕು: ಕರೆಂಟ್ ಇಲ್ಲದಾಗ ಏನು, ನೆಟ್ ಇಲ್ಲದಾಗ ಏನು. ಹಾಲಿನ ಲೆಕ್ಕ ಡೇರಿಯ ಯಂತ್ರದಲ್ಲೇ ಉಳಿದು, ನೆಟ್ ಬಂದಾಗ ಒಕ್ಕೂಟಕ್ಕೆ ಹೋಗಬೇಕು. ಒಂದೇ ಚೀಟಿ ಎರಡು ಸಲ ಹೋಗದಂತೆ ಚೀಟಿ ಸಂಖ್ಯೆ ನೋಡಿಕೊಳ್ಳುತ್ತದೆ. ಎಂಟರ್‌ಪ್ರೈಸ್ ಆರ್ಕಿಟೆಕ್ಚರ್‌ಗೆ ಸಂಘ, ಒಕ್ಕೂಟ, ಬ್ಯಾಂಕ್ ನಡುವೆ ಯಾವ ಡೇಟಾ ಯಾರದು ಎಂದು ಒಂದು ಚಿತ್ರ ಬರೆಯಿರಿ. ಕಾರ್ಯತಂತ್ರದ ಭಾಗದಲ್ಲಿ ಹೊಸದಾಗಿ ಕಟ್ಟಬೇಕೋ ಇರುವುದನ್ನು ಕೊಳ್ಳಬೇಕೋ ಎಂದು ಚರ್ಚಿಸಿ. ತೂಕ, ಪರೀಕ್ಷೆ, ಚೀಟಿ ಮೂರನ್ನೂ ಜೋಡಿಸುವ ಸ್ವಯಂಚಾಲಿತ ಯಂತ್ರಗಳು ಈಗಾಗಲೇ ಎಷ್ಟೋ ಡೇರಿಗಳಲ್ಲಿವೆ. ಅಲ್ಲಿ ಮತ್ತೆ ಅದನ್ನೇ ಬರೆಯುವ ಬದಲು, ಅದು ಉತ್ತರಿಸದ ಪ್ರಶ್ನೆಗಳಿಗೆ ವರದಿ ಕಟ್ಟುವುದು ಜಾಣತನ.

ಪ್ರಾಜೆಕ್ಟ್ ಯೋಜನೆಯಲ್ಲಿ ಪರೀಕ್ಷೆಗೆ ಕನಿಷ್ಠ ಒಂದು ಪೂರ್ತಿ ಬಟವಾಡೆ ಅವಧಿ ಇಡಿ. ಆ ದಿನಗಳಲ್ಲಿ ಹಳೆಯ ಪುಸ್ತಕ, ಹೊಸ ವ್ಯವಸ್ಥೆ ಎರಡೂ ಜೊತೆಯಾಗಿ ನಡೆಯಲಿ. ಕೊನೆಗೆ ಎರಡೂ ಬಟವಾಡೆ ಪಟ್ಟಿಗಳನ್ನು ಕಾರ್ಯದರ್ಶಿಯವರ ಮುಂದಿಟ್ಟು ಸಾಲು ಸಾಲಾಗಿ ತಾಳೆ ನೋಡಿ. ತಾಳೆಯಾಗದ ಸಾಲುಗಳನ್ನು ಮುಚ್ಚಿಡಬೇಡಿ. ಒಂದೊಂದಕ್ಕೂ ಕಾರಣ ಹುಡುಕಿ ಬರೆದು, ವರದಿಯಲ್ಲಿ ಅದನ್ನೇ ಒಂದು ಅಧ್ಯಾಯ ಮಾಡಿ. ವೈವಾದಲ್ಲಿ ಪರೀಕ್ಷಕರ ಪ್ರಶ್ನೆಗಳು ಜಾಸ್ತಿ ಬರುವುದು ಅಲ್ಲಿಂದಲೇ, ಉತ್ತರಿಸಲು ಡೇರಿಯಲ್ಲಿ ನಿಂತು ನೋಡಿದ್ದು ನಿಮ್ಮ ಹತ್ತಿರ ಇರುತ್ತದೆ.